ನಾಸಾವರೋಧ ಮೀಮಾಂಸೆ

ಮುಂಬಯಿಯಲ್ಲಿ ಮೊದಲ ಮಳೆಯೊಡನೆ ಅವತರಿಸಿ, ಗಣಪತಿಯ ವಿಸರ್ಜನೆಯಾದ ಮೇಲೂ ತಾನು ಮಾತ್ರ ವಿಸರ್ಜನೆಗೊಳ್ಳಲೊಲ್ಲದ ನಾಸಾವರೋಧವನ್ನು, ಅರ್ಥಾತ್ ಮೂಗು ಕಟ್ಟುವುದನ್ನು, ಸುಶ್ರುತಾಚಾರ್ಯರು ಪ್ರತಿಶ್ಯಾಯಪ್ರಕರಣದಲ್ಲಿ ವಿಚಾರಿಸಿರುವರಾದರೂ, ಅವರಿಗೆ ಡೊಂಬಿವಲಿ ಲೋಕಲಿನ ಅನುಭವವಿಲ್ಲದ ಕಾರಣ ಆ ವಿಚಾರವು ಅಪೂರ್ಣವೆಂದೇ ಹೇಳಬೇಕಾಗಿದೆ.

ಪೂರ್ವಪಕ್ಷವು ಅಂಜನವಾದಿಗಳದು. ಇದೇ ನಗರದಲ್ಲಿ 1893ರಲ್ಲಿ ಅಮೃತಾಂಜನವನ್ನು ಹೊರಡಿಸಿದ ಕಾಶೀನಾಥುನಿ ನಾಗೇಶ್ವರರಾಯರು ಈ ಮತದ ಮೂಲಪುರುಷರು. ಸಂಗೀತ ಕಛೇರಿಗಳಲ್ಲಿ ಅದನ್ನು ಪುಕ್ಕಟೆ ಹಂಚಿ ಮತಪ್ರಚಾರ ಮಾಡಿದರೆಂದು ಪ್ರತೀತಿ. ರೈಲು ಮುಲುಂಡ್ ದಾಟುತ್ತಲೇ, ನಾಲ್ಕನೆಯ ಸೀಟಿನಲ್ಲಿ ಅರ್ಧಾಸೀನನಾದ ಗೃಹಸ್ಥನು ಜೇಬಿನಿಂದ ಡಬ್ಬಿ ತೆಗೆದು, ಮುಚ್ಚಳಕ್ಕಂಟಿದ್ದನ್ನು ಕಿರುಬೆರಳಿನುಗುರಿನಿಂದ ಕೆರೆದು ಮೂಗಿನ ಬುಡಕ್ಕೆ ಸವರಿಕೊಂಡನೆಂದರೆ, ಔಷಧ ಒಬ್ಬನಿಗೆ, ಕಣ್ಣೀರು ಎದುರು ಕುಳಿತ ಮೂವರಿಗೆ. ಆದರೆ ಮುಲಾಮಿನೊಳಗಣ ಮೆಂಥಾಲು ಮೂಗಿನ ಶೀತಗ್ರಾಹಿ ನರಗಳನ್ನು ಕೆಣಕಿ ಗಾಳಿಯಾಡಿದಂತೆ ತೋರಿಸುವುದೇ ಹೊರತು ದಾರಿಯನ್ನು ಎಳ್ಳಷ್ಟೂ ಅಗಲಿಸದು. ಹಗ್ಗದಲ್ಲಿ ಹಾವನ್ನು ಕಂಡಂತೆ ಮುಚ್ಚಿದ ಹೊಳ್ಳೆಯಲ್ಲಿ ಉಸಿರನ್ನು ಕಾಣುವ ಈ ಮಾಯಾವಾದವನ್ನು ಶೃಂಗೇರಿಯವರು ಒಪ್ಪಿಯಾರು, ಮಾಟುಂಗಾದ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕುಳಿತ ದ್ವೈತಿಗಳು ಒಪ್ಪಲಾರರು. ಹೊಳ್ಳೆ ಎರಡು, ಭೇದ ಸತ್ಯ ಎಂಬುದು ಅವರ ಪಕ್ಷ. ಎರಡು ಹೊಳ್ಳೆಗಳೂ ಕೆಲವು ಗಂಟೆಗಳಿಗೊಮ್ಮೆ ಸರದಿಯಂತೆ ಬಿಗಿದು ಸಡಿಲುವುದನ್ನು ಜರ್ಮನಿಯ ಕೈಸರ್ ಎಂಬ ವೈದ್ಯನು 1895ರಲ್ಲಿ ವರ್ಣಿಸಿದ್ದು ಇವರಿಗೆ ತಿಳಿದಿದ್ದರೆ ಬಿಲ್ಲಿನ ಹಿಂಬದಿಯಲ್ಲಿ ಅಚ್ಚು ಹಾಕಿಸುತ್ತಿದ್ದರು.

ಗುಳಿಗೆಯವರ ಮತವನ್ನು ಖಂಡಿಸುವ ಶ್ರಮ ನಮಗಿಲ್ಲ. ನುಂಗುವ ಫಿನೈಲೆಫ್ರಿನ್ ಕಟ್ಟಿದ ಮೂಗಿಗೆ ನಿಷ್ಫಲವೆಂದು ಅಮೆರಿಕದ ಔಷಧ ಸಲಹಾಮಂಡಲಿಯೇ 2023ರಲ್ಲಿ ತೀರ್ಪಿತ್ತಿದೆ.

ಉಳಿದವರು ಬಿಂದುವಾದಿಗಳು. ಮೂಗು ಕಟ್ಟುವುದು ಸಿಂಬಳದಿಂದಲ್ಲ, ಒಳಗಣ ರಕ್ತನಾಳಗಳು ಉಬ್ಬುವುದರಿಂದಲೇ ವಿಶೇಷವಾಗಿ ಎಂಬ ಇವರ ಸಿದ್ಧಾಂತ ನಿಜ; ಝೈಲೋಮೆಟಾಝೋಲಿನ್ನಿನ ಎರಡು ಹನಿ ಆ ನಾಳಗಳನ್ನು ಕೆಲವೇ ನಿಮಿಷಗಳಲ್ಲಿ ಕುಗ್ಗಿಸುವುದೂ ನಿಜ. ಐದು ದಿನ ಮೀರಿದರೆ ಮಾತ್ರ ಆ ಹನಿಯೇ ಮೂಗು ಕಟ್ಟಲು ಕಾರಣವಾಗುವುದು. ಪ್ರಬಂಧಕಾರನು ಇದನ್ನು ಹನ್ನೊಂದನೆಯ ರಾತ್ರಿ ಸ್ವಾನುಭವದಿಂದರಿತು ಕೆಳಗಿನ ಔಷಧದಂಗಡಿಗೆ ಇಳಿದಾಗ, ಅಂಗಡಿಯವನು ಮುಖವನ್ನೂ ನೋಡದೆ, “ಒಂದು ಸಾಕೋ, ಎರಡು ಕೊಡಲೋ?” ಎಂದನು.

ಎರಡನ್ನೂ ತಂದು, ದೀಪವಾರಿಸಿ, ಬಾಯಿ ತೆರೆದು ಮಲಗಿ ಉತ್ತರಪಕ್ಷವನ್ನು ಚಿಂತಿಸುತ್ತಿರಲು, ಶಾಸ್ತ್ರವನ್ನೋದದ ಗೃಹಿಣಿಯು ನಿದ್ದೆಗಣ್ಣಿನಲ್ಲೇ, “ಎಡಮಗ್ಗುಲಿಗೆ ಹೊರಳಿ ಮಾರಾಯ್ರೆ, ಬಲದ್ದು ಬಿಡ್ತದೆ” ಎಂದಳು.

ಹೊರಳಿದೆನು. ಬಲದ್ದು ಬಿಟ್ಟಿತು. ಎಡದ್ದು ಕಟ್ಟಿತು.