ಕಣದಲ್ಲಿ ಇನ್ನೂ ನಾವಿದ್ದೇವೆ!

(ಏಪ್ರಿಲ್ 2016. ಅಮೆರಿಕದ ಅಧ್ಯಕ್ಷ ಚುನಾವಣೆಗೆ ರಿಪಬ್ಲಿಕನ್ ಟಿಕೆಟ್ ಆಕಾಂಕ್ಷಿ ಜಾನ್ ಕೇಸಿಕ್ ಅವರ ಪ್ರಚಾರ ಕಚೇರಿ; ಮಾತೆಲ್ಲ ಕಲ್ಪಿತ.)

ಲೆಕ್ಕದವ: ಸಾರ್, ಟಿಕೆಟ್ ಸಿಗೋಕೆ 1,237 ಪ್ರತಿನಿಧಿಗಳು ಬೇಕು. ಉಳಿದದ್ದೆಲ್ಲ ಗೆದ್ದರೂ ಮುಟ್ಟಲ್ಲ.

ಮ್ಯಾನೇಜರ್: ಒಹಾಯೊ ಗೆದ್ದಿಲ್ವೇನಯ್ಯಾ?

ಲೆಕ್ಕದವ: ಅದೊಂದೇ. ಅದೂ ಸಾಹೇಬರೇ ಗವರ್ನರ್ ಆಗಿರೋ ರಾಜ್ಯ.

ಮ್ಯಾನೇಜರ್: ಕಣದಲ್ಲಿ ಉಳಿದಿರೋದು ಟ್ರಂಪ್, ಕ್ರೂಜ್, ನಾವು, ಮೂವರೇ. ನಾವು ಮೂರನೆಯವರು!

ಲೆಕ್ಕದವ: ಪ್ರತಿನಿಧಿಗಳ ಲೆಕ್ಕದಲ್ಲಿ ನಾಲ್ಕನೆಯವರು ಸಾರ್. ಮಾರ್ಚ್‌ನಲ್ಲೇ ಕಣ ಬಿಟ್ಟು ಮನೆ ಸೇರಿದ ರೂಬಿಯೊ ಇನ್ನೂ ನಮಗಿಂತ ಮುಂದಿದ್ದಾರೆ.

ಮ್ಯಾನೇಜರ್: ಯಾರಿಗೂ ಬಹುಮತ ಬರದಿದ್ರೆ ಕ್ಲೀವ್‌ಲ್ಯಾಂಡ್‌ನ ಪಕ್ಷ ಸಮಾವೇಶದಲ್ಲಿ ನಮ್ಮದೇ ಆಟ.

ಲೆಕ್ಕದವ: ನಾವು ಬಿಟ್ರೆ ಟ್ರಂಪ್ ವಿರೋಧಿ ಮತ ಒಡೆಯೋದಾದ್ರೂ ನಿಲ್ಲುತ್ತೆ...

ಮ್ಯಾನೇಜರ್: ಅದನ್ನ ಕ್ರೂಜ್‌ಗೆ ಹೇಳು!

(ಮೇ 3. ಇಂಡಿಯಾನಾದಲ್ಲಿ ಸೋತು ಕ್ರೂಜ್ ಹಿಂದೆ ಸರಿದರು.)

ಮ್ಯಾನೇಜರ್: ನೋಡಿದ್ಯಾ? ಈಗ ಎರಡನೆಯವರು! ಪೋಸ್ಟರ್ ಹೊಡೆಸು.

(ಮರುದಿನ.)

ಲೆಕ್ಕದವ: ಪೋಸ್ಟರ್ ಬಂತು ಸಾರ್. ಸಾಹೇಬರು ಬಿಟ್ಟರಂತೆ.