ರೂಲ್ಸ್ ಭಾವ

ಹೆಬ್ಬಾಳೆ ಸೇತುವೆ ಮೇಲೆ ಭದ್ರೆ ಹತ್ತಿದಳಂತೆ ಎಂಬ ಸುದ್ದಿ ಬಂದರೆ ಕಳಸದ ನಮ್ಮ ಮನೆಯಲ್ಲಿ ಅಟ್ಟದ ಮೇಲಿನ ಕೇರಂ ಬೋರ್ಡು ಕೆಳಗಿಳಿಯುತ್ತದೆ. ಹೊರನಾಡಿಗೆ ಹೋಗುವ ಹಾಗಿಲ್ಲ, ತೋಟಕ್ಕೆ ಇಳಿಯುವ ಹಾಗಿಲ್ಲ, ಕರೆಂಟಂತೂ ನಿನ್ನೆಯೇ ಹೋಗಿದೆ. ಬೋರ್ಡು ಇಳಿದ ಸದ್ದು ಯಾವ ಗಾಳಿಯಲ್ಲಿ ತಲುಪುತ್ತದೋ, ಹತ್ತೇ ನಿಮಿಷದಲ್ಲಿ ಕೊಡೆ ಮಡಚುತ್ತಾ ಜಗಲಿ ಹತ್ತುವವರು ರೂಲ್ಸ್ ಭಾವ.

ಭಾವ ನನಗೆ ಯಾವ ಲೆಕ್ಕದಲ್ಲೂ ಭಾವ ಅಲ್ಲ, ಊರಿಗೆಲ್ಲ ಭಾವ. ಈ ತಳಿ ರೋಬಸ್ಟಾದ ಹಾಗೆ, ಎಲ್ಲಿ ನೆಟ್ಟರೂ ಬರುತ್ತದೆ. ಇಸ್ಪೀಟಿನ ಪಕ್ಕದಲ್ಲಿ, ವಾಲಿಬಾಲ್ ನೆಟ್ಟಿನ ಕೆಳಗೆ, ಮದುವೆ ಪಂಕ್ತಿಯಲ್ಲಿ ಪಲ್ಯ ಮೊದಲೋ ಕೋಸಂಬರಿ ಮೊದಲೋ ಎಂಬಲ್ಲಿ ನೀವೂ ನೋಡಿರುತ್ತೀರಿ. ಆಟಕ್ಕಿಂತ ಆಟದ ಕಾಯಿದೆಯೇ ಇವರ ನಾಲಿಗೆಗೆ ರುಚಿ.

ಮೊದಲು ಬೋರ್ಡಿನ ತಪಾಸಣೆ. ಮಳೆಗಾಲದ ಪ್ಲೈವುಡ್ಡು ಹಪ್ಪಳದ ಹಾಗೆ ಬಾಗುತ್ತದೆ. ಅದನ್ನು ಬಚ್ಚಲೊಲೆಯ ಎದುರು ಒರಗಿಸಿ ಹದ ಬರುವವರೆಗೆ ಭಾವ ಕಾಯುತ್ತಾರೆ. ಕಾಯಿಗಳಿಗೆ ಒಲೆದಂಡೆಯೇ ಗತಿ. ತೇವಕ್ಕೆ ಮುದ್ದೆಯಾದ ಬೋರಿಕ್ ಪೌಡರನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಹಳೇ ಪಂಚೆಯ ತುಂಡಿನಲ್ಲಿ ಕಟ್ಟಿ, ಮಗುವಿಗೆ ಪೌಡರ್ ಹಚ್ಚುವವರ ಹಾಗೆ ತಟ್ಟುತ್ತಾರೆ. ಆ ಬಾಣಲೆಯನ್ನು ನನ್ನ ಹೆಂಡತಿ ಮತ್ತೆ ಅಡುಗೆಮನೆಗೆ ಸೇರಿಸಿಲ್ಲ. ಆಮೇಲೆ ಕರವಸ್ತ್ರದ ಗಂಟಿನಿಂದ ಭಾವನ ಸ್ವಂತ ಸ್ಟ್ರೈಕರ್ ಹೊರಬರುತ್ತದೆ. ಕಾಯಿದೆ ಪ್ರಕಾರ ಅದು 15 ಗ್ರಾಂ ಮೀರಬಾರದು. ಭಾವ ಅದನ್ನು ಅಕ್ಕಸಾಲಿಯ ತಕ್ಕಡಿಯಲ್ಲಿ ತೂಗಿಸಿ ತಂದಿದ್ದಾರೆ.

ನಾವೆಲ್ಲ ಚಿಕ್ಕಂದಿನಿಂದ ಆಡಿದ್ದು ಬಿಳಿಗೆ 20, ಕರಿಗೆ 10, ರೆಡ್ಡಿಗೆ 50ರ ಆಟ. ಭಾವನಿಗೆ ಅದು ಕಿರಾಣಿ ಅಂಗಡಿ ಲೆಕ್ಕ. ಒಬ್ಬನಿಗೆ 9 ಬಿಳಿ, ಇನ್ನೊಬ್ಬನಿಗೆ 9 ಕರಿ. ಮೊದಲು ಮುಗಿಸಿದವನಿಗೆ ಎದುರಾಳಿಯ ಎಷ್ಟು ಕಾಯಿ ಉಳಿದಿವೆಯೋ ಅಷ್ಟು ಪಾಯಿಂಟು. ಗೆದ್ದವನೇ ರೆಡ್ಡು ಹಾಕಿ, ಬೆನ್ನಿಗೇ ತನ್ನದೊಂದು ಕಾಯಿ ಹಾಕಿ ಕವರ್ ಕೊಟ್ಟಿದ್ದರೆ ಇನ್ನೂ 3. ಮೊದಲು 25 ಮುಟ್ಟಿದವನ ಗೇಮು. 8 ಬೋರ್ಡಾದರೂ ಯಾರೂ ಮುಟ್ಟದಿದ್ದರೆ ಮುಂದಿದ್ದವನದು. ಸ್ಟ್ರೈಕರ್ ಎರಡೂ ಗೆರೆಗೆ ತಾಗಿರಬೇಕು. ಮೊಣಕೈ ಮೂಲೆಯ ಬಾಣದ ಗೆರೆ ದಾಟಿ ಒಳಗೆ ಬರಬಾರದು. ಕುಂಡೆ ಕುರ್ಚಿಯಿಂದ ಏಳಬಾರದು. ಇದನ್ನೆಲ್ಲ ಹೇಳುವಾಗ ಭಾವ, 1988ರಲ್ಲಿ ಚೆನ್ನೈಯಲ್ಲಿ ಅಂತರರಾಷ್ಟ್ರೀಯ ಕೇರಂ ಫೆಡರೇಷನ್ ಹುಟ್ಟಿದ್ದನ್ನು ತಾವೇ ತೊಟ್ಟಿಲು ತೂಗಿದವರಂತೆ ನೆನೆಯುತ್ತಾರೆ. ಎರಡು ಸಲ ವಿಶ್ವ ಚಾಂಪಿಯನ್ ಆದ ಮರಿಯಾ ಇರುದಯಂ ಅವರ ಬಾಯಲ್ಲಿ ಸೋದರಮಾವನ ಮಗ.

ಇಷ್ಟು ಸಹಿಸಬಹುದು. ಆದರೆ ಆ ಜುಲೈ ರಾತ್ರಿಯನ್ನು ನಾನು ಮರೆತಿಲ್ಲ.

ಎಮರ್ಜೆನ್ಸಿ ದೀಪದ ಬೆಳಕು. ನನ್ನದು 22, ಭಾವನದು 19. ಇನ್ನು ಮೂರೇ ಪಾಯಿಂಟು! ರೆಡ್ಡು ಹಾಕಿದರೆ ಮೂರು, ಉಳಿದದ್ದು ಲಾಭ ಎಂದು ಲೆಕ್ಕ ಹಾಕಿ ಅದರ ಹಿಂದೆ ಬಿದ್ದೆ. ಎರಡು ಸರದಿ ಹಾಳಾಯಿತು. ಅಷ್ಟರಲ್ಲಿ ಭಾವ ಮಾತಿಲ್ಲದೆ ಕರಿ ಕಾಯಿಗಳನ್ನು ಒಂದೊಂದಾಗಿ ಇಳಿಸುತ್ತಿದ್ದರು. ಮೂರನೇ ಸಲಕ್ಕೆ ರೆಡ್ಡು ಎಡಮೂಲೆಯ ತೂತಿನ ಬಾಯಲ್ಲಿ ಒಂದು ಗಳಿಗೆ ನಿಂತು, ಯೋಚಿಸಿ, ಬಿತ್ತು. ಕವರೂ ಬಿತ್ತು. "ಹೊಡೆದೆ ಮಾರಾಯ, ಕಣ್ಣಿಗೆ ಹಬ್ಬ!" ಎಂದು ಭಾವ ತೊಡೆ ತಟ್ಟಿದರು. ನನ್ನ ಕೊನೆಯ ಬಿಳಿಯೂ ಹೋಯಿತು. ಅವರದು ಎರಡು ಕರಿ ಉಳಿದಿತ್ತು. ಎರಡು, ಮೂರು, ಐದು, 27! ನಾನು ಎದ್ದು ಕುಣಿಯುವುದೊಂದು ಬಾಕಿ.

ಭಾವ ಪೆನ್ಸಿಲನ್ನು ನಾಲಿಗೆಗೆ ಮುಟ್ಟಿಸಿ 24 ಎಂದು ಬರೆದರು.

"ರೆಡ್ಡು?"

"ರೆಡ್ಡಿಗೆ ಪಾಯಿಂಟು ಇರುವುದು 21ರ ತನಕ. 22 ಆದವನಿಗೆ ಅದರಿಂದ ಏನೂ ಇಲ್ಲ."

"ಮತ್ತೆ ಹಬ್ಬ ಗಿಬ್ಬ ಅಂದಿರಿ?"

"ಹೊಡೆತ ಚಂದ ಇತ್ತು ಮಾರಾಯ. ಹೊಡೆತಕ್ಕೂ ಲೆಕ್ಕಕ್ಕೂ ಏನು ಸಂಬಂಧ?"

ಮುಂದಿನ ಬೋರ್ಡಿನಲ್ಲಿ 19ರ ಭಾವ ರೆಡ್ಡು ಹಾಕಿ ಕವರ್ ಕೊಟ್ಟು, ನನ್ನ ಮೂರು ಕಾಯಿ ಉಳಿಸಿ 25 ಮಾಡಿದರು. 21ರ ಒಳಗಿದ್ದವರಾದ್ದರಿಂದ ಆ ರೆಡ್ಡು ಪೂರ್ತಿ ಬೆಲೆಯದು. ನಾನು ಉಣ್ಣದೆ ಮಲಗಿದೆ. ಬೆಳಿಗ್ಗೆ ಎದ್ದು ರೂಲ್ ಹುಡುಕಿ ನೋಡಿದೆ. ಅವರು ಹೇಳಿದ್ದೇ ಸರಿ. ಸಿಟ್ಟು ಇಮ್ಮಡಿಸಿತು.

ಒಮ್ಮೆ ಅಮೆರಿಕದಿಂದ ಬಂದ ನನ್ನ ತಂಗಿಯ ಮಗ ಅಲ್ಲಿನ ಷಫಲ್‌ಬೋರ್ಡ್ ಬಗ್ಗೆ ಹೇಳಿದ: 22 ಅಡಿ ಉದ್ದದ ಮೇಜು, ಮೇಲೆ ನುಣ್ಣನೆ ಪುಡಿ, ಲೋಹದ ಬಿಲ್ಲೆಯನ್ನು ಈ ತುದಿಯಿಂದ ಆ ತುದಿಗೆ ಜಾರಿಸುವುದು, ದೂರದ ಅಂಚಿಗೆ ಹೋದಷ್ಟೂ 1, 2, 3 ಎಂದು ಅಂಕ ಏರುತ್ತದೆ, ಕೆಳಗೆ ಬಿದ್ದರೆ ಸೊನ್ನೆ. ಸುತ್ತು ಮುಗಿದಾಗ ಎಲ್ಲರಿಗಿಂತ ಮುಂದಿರುವ ಬಿಲ್ಲೆ ಯಾರದೋ ಅವನಿಗೆ ಮಾತ್ರ ಅಂಕ, ಅದೂ ಎದುರಾಳಿಯ ಬಿಲ್ಲೆಗಿಂತ ಮುಂದಿರುವವಕ್ಕಷ್ಟೇ. ಭಾವ ಕಾಫಿ ಆರುವ ತನಕ ಕೇಳಿಸಿಕೊಂಡು, "ತೂತೇ ಇಲ್ಲವಾ? ಮತ್ತೆ ಕವರ್ ಹೇಗೆ ಕೊಡ್ತಾರೆ?" ಎಂದು ಆ ದೇಶದ ಬಗ್ಗೆ ಮರುಕಪಟ್ಟರು.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಒಂದು ಸಲ ಅವರ ಅಂಗಿಯ ತೋಳು ತಾಗಿ ಕಾಯಿಯೊಂದು ಕೂದಲೆಳೆ ಸರಿಯಿತು. ಯಾರೂ ನೋಡಿರಲಿಲ್ಲ, ನಾನು ನನ್ನ ಸೋಲಿನಲ್ಲಿ ಮುಳುಗಿದ್ದೆ. ಭಾವ ತಾವೇ "ಫೌಲ್" ಎಂದು, ತೂತಿನಿಂದ ತಮ್ಮದೇ ಕಾಯಿ ತೆಗೆದು ನಡುವಿಗೆ ಇಡಲು ನನ್ನ ಕೈಗೆ ಕೊಟ್ಟರು. ನಾನಾದರೆ ಕೆಮ್ಮಿ ಸುಮ್ಮನಾಗುತ್ತಿದ್ದೆ. ತೋಟದ ಗಡಿಕಲ್ಲು ರಾತ್ರಿ ಬೆಳಗಾಗುವುದರಲ್ಲಿ ಅಡಿ ಸರಿಯುವ ಕಾಲದಲ್ಲಿ ಒಂದು ಕೂದಲೆಳೆಗೆ... ಇರಲಿ, ಪುರಾಣ ಶುರುವಾಯಿತು, ಬಿಡಿ.

ಈಗ ನಮ್ಮ ಬೋರ್ಡು ಅಟ್ಟದಿಂದ ಇಳಿಯುವುದು ಅಪರೂಪ. ಹುಡುಗರು ಬೆಂಗಳೂರಿನಲ್ಲಿ, ಬಂದರೂ ಮೊಬೈಲಿನಲ್ಲೇ ಕೇರಂ ಆಡುತ್ತಾರೆ. ಅದರಲ್ಲಿ ಮೊಣಕೈಯೇ ಇಲ್ಲ. ಹೋದ ಶ್ರಾವಣದಲ್ಲಿ ಭಾವನ ಮನೆಗೆ ಹೋದೆ. ಜಗಲಿಯಲ್ಲಿ ತಂತಿಗೆ ಇಳಿಬಿಟ್ಟ ಬಲ್ಬು, ಕೆಳಗೆ ಬೋರ್ಡು, ಎರಡು ಕುರ್ಚಿ. ಭಾವ ಈ ಕುರ್ಚಿಯಲ್ಲಿ ಕೂತು ಒಂದು ಹೊಡೆತ ಹೊಡೆದರು, ಮಂಡಿ ಹಿಡಿದುಕೊಂಡು ಎದ್ದು, ಸುತ್ತಿ ಹೋಗಿ ಆ ಕುರ್ಚಿಯಲ್ಲಿ ಕೂತು ಇನ್ನೊಂದು ಹೊಡೆದರು. ಸ್ಟ್ರೈಕರ್ ತೂತಿಗೆ ಬಿತ್ತು. ಒಂದು ಕಾಯಿ ಹೊರಗೆ ತೆಗೆದು, ಎದ್ದು ಬಂದು, ಈ ಕಡೆಯಿಂದ ಅದನ್ನು ನಡುವಿಗಿಟ್ಟರು.

"ಯಾರು ಮುಂದೆ ಭಾವ?" ಎಂದೆ.

"ಆಚೆ ಕಡೆಯವನು," ಎಂದರು. "ಆದರೆ ಅವನ ಮೊಣಕೈ ಒಳಗೆ ಬರ್ತದೆ ಮಾರಾಯ. ಹೇಳಿದರೆ ಕೇಳುವುದಿಲ್ಲ."