ಗಿಲ್ಲೆಸುಗೂರಿನಲ್ಲಿ ಎಂಟನೇ ಹೆನ್ರಿ

ಮೇ ತಿಂಗಳ ಮಧ್ಯಾಹ್ನ ಗಿಲ್ಲೆಸುಗೂರಿನಲ್ಲಿ ಫ್ಯಾನು ತಿರುಗುವುದು ಗಾಳಿಗಲ್ಲ, ಸಮಾಧಾನಕ್ಕೆ. ಅಂಥದೊಂದು ಮಧ್ಯಾಹ್ನ ಒದ್ದೆ ಟವೆಲ್ಲು ಹೆಗಲಿಗೇರಿಸಿ, ಗೋಡೆಗೊರಗಿ, ಟೀವಿಯಲ್ಲಿ ಇಂಗ್ಲೆಂಡಿನ ರಾಜನನ್ನು ನೋಡುತ್ತಿದ್ದೆ. ಆತ ತುಪ್ಪಳದ ದಪ್ಪ ಕೋಟು ತೊಟ್ಟಿದ್ದ. ತೊಟ್ಟವನು ಆರಾಮಾಗಿದ್ದ, ನೋಡುತ್ತಿದ್ದ ನನಗೆ ಬೆವರು ಕಿತ್ತುಕೊಂಡಿತು. ಪಕ್ಕದಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದ ದೊಡ್ಡವ್ವ ತಲೆಯೆತ್ತಿ ಕೇಳಿದಳು: "ಇಂವಗೇನು ಚಳಿಜ್ವರ ಬಂದಾವೇನಪಾ?"

ರಜೆಗೆ ಬಂದ ತಮ್ಮನ ಮಗ ಪೆನ್‌ಡ್ರೈವ್ ಒಂದನ್ನು ಟೀವಿಗೆ ಸಿಕ್ಕಿಸಿ, ಅಂಥ ಬಿಸಿಲಲ್ಲೂ ಕ್ರಿಕೆಟ್ ಆಡಲು ಹೋಗಿದ್ದ. ಅದರಲ್ಲಿದ್ದದ್ದು ಎಂಟನೇ ಹೆನ್ರಿಯ ಆರು ಹೆಂಡಿರ ಕಥೆ. ಲೂಸಿ ವೋರ್ಸ್ಲಿ ಎಂಬ ಇತಿಹಾಸಕಾರ್ತಿ ಬಿಬಿಸಿಗಾಗಿ 2016ರಲ್ಲಿ ನಡೆಸಿಕೊಟ್ಟ ಸರಣಿ. ಡಾಕ್ಯುಡ್ರಾಮಾ ಎಂದು ಇದರ ಹೆಸರು. ಬಿಡಿಸಿ ಹೇಳಿದರೆ ಅರ್ಧ ಪಾಠ, ಅರ್ಧ ನಾಟಕ. ರಾಜ-ರಾಣಿ ಒಳಗೆ ಜಗಳವಾಡುತ್ತಿರುತ್ತಾರೆ. ಮೂಲೆಯಲ್ಲಿ ದಾಸಿಯ ವೇಷದಲ್ಲಿ ನಿಂತವಳು ಮೆಲ್ಲಗೆ ನಮ್ಮ ಕಡೆ ತಿರುಗಿ ವಿಷಯ ಏನೆಂದು ಹೇಳುತ್ತಾಳೆ. ಆ ದಾಸಿಯೇ ಇತಿಹಾಸಕಾರ್ತಿ.

ಎಷ್ಟು ಹೊಸ ಉಪಾಯ ಎಂದು ನಾನು ಬೆರಗಾದರೆ ದೊಡ್ಡವ್ವ, "ಸಾರಥಿ ಅದಾಳ ಬಿಡು" ಅಂದುಬಿಟ್ಟಳು. ದೊಡ್ಡಾಟ ನೋಡುತ್ತ ಬೆಳೆದ ಜೀವ ಅದು. ಅಲ್ಲಿಯೂ ರಾಜನಾಗಲಿ ರಾಕ್ಷಸನಾಗಲಿ ರಂಗಕ್ಕೆ ಬಂದೊಡನೆ ಸಾರಥಿ ಅಡ್ಡ ನಿಂತು ಹೆಸರು, ಊರು, ಬಂದ ಕಾರಣ ಎಲ್ಲ ಕೇಳಿ ತಿಳಿದುಕೊಂಡೇ ಮುಂದೆ ಬಿಡುವುದು. ಇಂಗ್ಲಿಷ್ ಬಾರದ ದೊಡ್ಡವ್ವನಿಗೆ ನಾನು ಹೇಳಬೇಕಾಗಿತ್ತು. ಹೀಗೆ ಅವತ್ತು ಸಾರಥಿಗೊಬ್ಬ ಸಾರಥಿ.

ಹೆಂಡಿರ ಲೆಕ್ಕ ತಪ್ಪಬಾರದೆಂದು ದೊಡ್ಡವ್ವ ಒಬ್ಬೊಬ್ಬಳಿಗೂ ಒಂದೊಂದು ಹುಣಸೆಬೀಜ ಬೇರೆ ಇಟ್ಟಳು. ಮೊದಲನೆಯವಳು ಕ್ಯಾಥರೀನ್. ಇಪ್ಪತ್ತು ವರ್ಷ ಮೀರಿ ಸಂಸಾರ ಮಾಡಿದಳು, ಉಳಿದದ್ದು ಒಂದು ಹೆಣ್ಣುಮಗು. ಗಂಡು ಉಳಿಯಲಿಲ್ಲವೆಂದು ರಾಜ ಬಿಟ್ಟ. ಈ ಮಾತನ್ನು ನಾನು ಕನ್ನಡಕ್ಕೆ ತರುವ ಮೊದಲೇ ದೊಡ್ಡವ್ವ "ಹೂಂ" ಅಂದಿದ್ದಳು. ಎರಡನೆಯವಳು ಆ್ಯನ್ ಬೊಲಿನ್, ಅವಳಿಗೂ ಹೆಣ್ಣೇ. ಅವಳ ತಲೆಯನ್ನೇ ತೆಗೆಸಿದ. ಮೂರನೆಯವಳು ಗಂಡು ಹೆತ್ತುಕೊಟ್ಟು ಬಾಣಂತಿತನದಲ್ಲೇ ತೀರಿಕೊಂಡಳು. ನಾಲ್ಕನೆಯವಳ ವಿಷಯಕ್ಕೆ ಬಂದಾಗ ದೊಡ್ಡವ್ವ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಾನ್ಸ್ ಹೋಲ್ಬೈನ್ ಎಂಬ ದೊಡ್ಡ ಕಲಾವಿದ ಕ್ಲೀವ್ಸ್‌ನ ಆ್ಯನ್‌ಳ ಚಿತ್ರ ಬರೆದು ತಂದ. ರಾಜ ಚಿತ್ರ ನೋಡಿ ಒಪ್ಪಿದ, ಹೆಣ್ಣು ನೋಡಿ ಮುಖ ಸಿಂಡರಿಸಿದ. 1540ರ ಜನವರಿಯಲ್ಲಿ ಮದುವೆ, ಜುಲೈಯಲ್ಲಿ ರದ್ದು. ಸ್ಟುಡಿಯೋದವರು ಬೆಳ್ಳಗೆ ಮಾಡಿಕೊಟ್ಟ ಫೋಟೋ ನಂಬಿ ಬಂದ ಗಂಡಿನ ಕಡೆಯವರನ್ನು ಎಷ್ಟು ಕಂಡಿಲ್ಲ ದೊಡ್ಡವ್ವ! ಐದನೆಯವಳ ತಲೆಯೂ ಹೋಯಿತು. ಆರನೆಯವಳು ಮಾತ್ರ ರಾಜನನ್ನು ಮಣ್ಣಿಗೆ ಕಳಿಸಿ ತಾನು ಉಳಿದಳು. ಬೇಡವಾಗಿ ಹುಟ್ಟಿದ ಬೊಲಿನ್‌ಳ ಮಗಳು ಎಲಿಜಬೆತ್ 44 ವರ್ಷ ಆಳಿದಳೆಂದಾಗ ದೊಡ್ಡವ್ವ ಎರಡನೇ ಬೀಜವನ್ನು ಎತ್ತಿ ಸಾಲಿನ ಮುಂದಿಟ್ಟಳು.

ಕರೆಂಟು ಹೋಯಿತು. ಹೋಗದಿದ್ದರೆ ಈ ಪ್ರಬಂಧವಿರುತ್ತಿರಲಿಲ್ಲ. ಸಾರಥಿಯ ಚಟ ಹತ್ತಿದ ಮೇಲೆ ಬಾಯಿ ಸುಮ್ಮನಿರದು. "ದೊಡ್ಡವ್ವಾ, ಇಂವ ಪಟ್ಟಕ್ಕೆ ಬಂದದ್ದು 1509ರಾಗ. ಅದೇ ವರ್ಷ ನಮ್ಮ ರಾಯರೂ ಪಟ್ಟಕ್ಕೆ ಬಂದ್ರು. ಅವರಿಗೆ ಹನ್ನೆರಡು ಮಂದಿ ಹೆಂಡರು" ಎಂದೆ.

ದೊಡ್ಡವ್ವ ಕೆನ್ನೆ ಕೆನ್ನೆ ಬಡಿದುಕೊಂಡಳು. ತಪ್ಪು ನನ್ನದೇ. ಮಂತ್ರಾಲಯದ ಬಸ್ಸು ಹಾಯುವ ಊರಲ್ಲಿ ಬರೀ 'ರಾಯರು' ಎಂದರೆ ಯಾರು? ಆ ಸನ್ಯಾಸಿಯ ತಲೆಗೆ ಹನ್ನೆರಡು ಹೆಂಡಿರನ್ನು ಕಟ್ಟಿದ ಪಾಪ ಈಗಲೂ ನನ್ನ ಹೆಗಲ ಮೇಲಿದೆ. "ಕೃಷ್ಣದೇವರಾಯ, ದೊಡ್ಡವ್ವಾ, ರಾಜ್‌ಕುಮಾರ್ ಪಾರ್ಟು ಮಾಡಿದ್ರಲ್ಲ!" ಎಂದು ಬಿ. ಆರ್. ಪಂತುಲು ಅವರ ಸಿನಿಮಾ ನೆನಪಿಸಿದ ಮೇಲೆಯೇ ಆಕೆಯ ಉಸಿರು ಹದಕ್ಕೆ ಬಂದದ್ದು. ಆ ಸಿನಿಮಾ ಬಂದದ್ದು 1970ರಲ್ಲಿ. ಅದೇ ವರ್ಷ ಬಿಬಿಸಿ ಕೂಡ ಕೀತ್ ಮಿಶೆಲ್‌ಗೆ ಹೆನ್ರಿಯ ವೇಷ ಹಾಕಿಸಿ, ಹೆಂಡತಿಗೊಂದರಂತೆ ಆರು ಕಂತು ತೋರಿಸಿತ್ತು. ಆಮೇಲೆ ಅವರು ನಿಲ್ಲಿಸಲೇ ಇಲ್ಲ. ಹೆನ್ರಿ ಹತ್ತು ವರ್ಷಕ್ಕೊಮ್ಮೆಯಾದರೂ ಹೊಸ ಕೋಟು ತೊಟ್ಟು ಬರುತ್ತಾನೆ.

ನಮ್ಮವನ ಕಥೆಗೇನು ಕಡಿಮೆ? ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕಣ್ಣಾರೆ ಕಂಡು ಬರೆದಿದ್ದಾನೆ: ಮಧ್ಯಮ ಎತ್ತರ, ಬೆಳ್ಳನೆಯ ಮೈ, ಸ್ವಲ್ಪ ಸ್ಥೂಲ, ಮುಖದ ಮೇಲೆ ಸಿಡುಬಿನ ಕಲೆ. ಬೆಳಗಾಗುವ ಮುಂಚೆ ಎಳ್ಳೆಣ್ಣೆ ಕುಡಿದು, ಮೈಗೂ ತಿಕ್ಕಿಸಿಕೊಂಡು, ಭಾರ ಎತ್ತಿ, ಕತ್ತಿ ತಿರುವಿ, ಜಟ್ಟಿಯೊಂದಿಗೆ ಕುಸ್ತಿ ಹಿಡಿದು, ಆಮೇಲೆ ಕುದುರೆ ಏರುವುದು. ಎಳ್ಳೆಣ್ಣೆಯ ಬಟ್ಟಲನ್ನು ಕ್ಯಾಮೆರಾದ ಹತ್ತಿರ ಹಿಡಿದರೆ ಮೊದಲ ದೃಶ್ಯವೇ ಗೆಲ್ಲುತ್ತದೆ.

ಕದನವಂತೂ ನಮ್ಮ ಹಿತ್ತಿಲಿನದೇ. 1520ರ ಮೇ 19, ಶನಿವಾರ: ರಾಬರ್ಟ್ ಸೆವೆಲ್ ಲೆಕ್ಕ ಹಾಕಿ ಕೊಟ್ಟ ತಾರೀಖು. ರಾಯಚೂರು ಕೋಟೆಗಾಗಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ ಯುದ್ಧ. ನಮ್ಮ ಮಲಿಯಾಬಾದಿನಲ್ಲೇ ದಂಡು ಬಿಟ್ಟಿತ್ತಂತೆ. ಇನ್ನೊಬ್ಬ ಪೋರ್ಚುಗೀಸ, ಕುದುರೆ ವ್ಯಾಪಾರಿ ನೂನಿಜ್, ಕಾಲಾಳು ಏಳು ಲಕ್ಷ ಮೀರಿತ್ತು, ಆನೆ 551 ಇದ್ದವು ಎನ್ನುತ್ತಾನೆ. ಡಾಕ್ಯುಡ್ರಾಮಾದವರ ಕೈಲಿರುವುದು ಐದು ಕುದುರೆ, ಒಂದಿಷ್ಟು ಹೊಗೆ. ಹೊಗೆ ಬೇಡ, ಮೇ ತಿಂಗಳಲ್ಲಿ ನಮ್ಮ ಕಡೆಯ ಧೂಳೇ ಸಾಕು ಎನ್ನಿ. ಈ ಗೆಲುವಿನ ಹತ್ತೊಂಬತ್ತು ದಿನಕ್ಕೆ ಸರಿಯಾಗಿ, ಜೂನ್ 7ಕ್ಕೆ, ಹೆನ್ರಿ ಕ್ಯಾಲೆ ಪಟ್ಟಣದ ಹತ್ತಿರ ಜರತಾರಿ ಡೇರೆ ಹಾಕಿಸಿ ಫ್ರಾನ್ಸಿನ ರಾಜನ ಜೊತೆ ಜಾತ್ರೆ ಮಾಡಿದ. ಅಲ್ಲಿ ಕುಸ್ತಿಗೂ ಕರೆದು, ಬಿದ್ದ. ಎಳ್ಳೆಣ್ಣೆ ಕುಡಿದಿರಲಿಲ್ಲವೆಂದು ಕಾಣುತ್ತದೆ.

ಆದರೂ ನಮ್ಮವನ ಸರಣಿ ಎಲ್ಲಿ ಎಡವುತ್ತದೆಂದು ಆ ಕತ್ತಲ ಕೋಣೆಯಲ್ಲಿ ಹೊಳೆಯಿತು. ಹೆನ್ರಿಯ ಮನೆಯ ಜಗಳವನ್ನೆಲ್ಲ ರಾಯಭಾರಿಗಳು ಕಾಗದ ಬರೆದು ತಮ್ಮ ದೊರೆಗಳಿಗೆ ಮುಟ್ಟಿಸಿದರು. ಟೀವಿಯವರು ಉಣ್ಣುತ್ತಿರುವುದು ಆ ಚಾಡಿಯ ಅನ್ನ. ನಮ್ಮ ಅಂತಃಪುರಕ್ಕೆ ಪಾಯೆಸನಿಗೆ ಪ್ರವೇಶವಿರಲಿಲ್ಲ. ಹೀಗಾಗಿ ತಿರುಮಲದೇವಿ, ಚಿನ್ನಾದೇವಿ ತಿರುಪತಿಯ ಗುಡಿಯಲ್ಲಿ ಗಂಡನ ಎರಡು ಪಕ್ಕ ಕೈಮುಗಿದು ನಿಂತಿದ್ದಾರೆ, ಲೋಹದ ಮೂರ್ತಿಗಳಾಗಿ. ಅವರ ಒಂದು ಮಾತೂ ನಮ್ಮವರೆಗೆ ಬಂದಿಲ್ಲ.

ಬಂದದ್ದು ಒಂದು ಉಂಗುರ. ಅವತ್ತು ಯುದ್ಧದಲ್ಲಿ ಮೊದಲು ಸೋಲು ಕಂಡಿತಂತೆ. ರಾಯ ತನ್ನ ಬೆರಳಿನ ಉಂಗುರ ತೆಗೆದು ಊಳಿಗದ ಹುಡುಗನೊಬ್ಬನ ಕೈಗಿಟ್ಟ: ನಾನು ಸತ್ತರೆ ಇದನ್ನು ರಾಣಿಯರಿಗೆ ತೋರಿಸು, ಅವರು ಪದ್ಧತಿಯಂತೆ ಬೆಂಕಿ ಸೇರಲಿ. ಆಮೇಲೆ ಕುದುರೆ ಹತ್ತಿ ನುಗ್ಗಿದ, ಗೆದ್ದ. ಹದಿನಾರು ವರ್ಷದ ಮೇಲೆ, ಅದೇ ಮೇ 19ರಂದು, ಲಂಡನ್ನಿನಲ್ಲಿ ಆ್ಯನ್ ಬೊಲಿನ್‌ಳ ತಲೆ ಉರುಳಿತು. ಅಲ್ಲಿ ಗಂಡ ಬದುಕಿದ್ದೇ ಹೆಂಡತಿಗೆ ಕಂಟಕ, ಇಲ್ಲಿ ಗಂಡ ಸತ್ತರೆ.

ದೊಡ್ಡವ್ವ ಬಹಳ ಹೊತ್ತು ಮಾತಾಡಲಿಲ್ಲ. ಹನ್ನೆರಡು ಬೀಜ ಎಣಿಸಿ ಇಟ್ಟಿದ್ದಳು. ಅವನ್ನು ಒಂದೊಂದಾಗಿ ಬುಟ್ಟಿಗೆ ಹಾಕಿದಳು, ಉಳಿದುಕೊಂಡವರನ್ನು ಮನೆಗೆ ಕಳಿಸುವವಳ ಹಾಗೆ. ಆಮೇಲೆ ಕೇಳಿದಳು: "ಆ ಹುಡುಗ ಉಂಗುರ ತಿರುಗಿ ಕೊಟ್ಟನೇನು?"

"ಬರೆದಿಲ್ಲ ದೊಡ್ಡವ್ವಾ."

"ಗೆದ್ದ ಗದ್ದಲದಾಗ ಯಾರು ಕೇಳ್ಯಾರು? ಅಂವನ ಹೇಂತಿ ಬೆರಳಿಗೆ ಸಡ್ಲ ಆಗಿರತದ. ದಾರ ಸುತ್ಕೊಂಡು ಹಾಕ್ಕೊಂಡಿರತಾಳ" ಎಂದು ದೊಡ್ಡವ್ವ ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದಳು.